ಮೀಸೆ ಬಂದ ಹಪ್ಪಳ

ಒಂದಾನೊಂದು ಕಾಲದಲ್ಲಿ, ಅಂದ್ರೆ ಎಣ್ಣೇನ ಮಣ್ಣಿನ ಗಡಿಗೇಲಿ ತುಂಬಿಟ್ಟು ಅಳೆದು ಮಾರ್ತಿದ್ದ ಕಾಲದಲ್ಲಿ, ಸಾಲುಪೇಟೆ ಅಂತ ಒಂದು ಊರಿತ್ತಂತೆ. ಆ ಊರಿನ ದೊಡ್ಡ ಬೀದೀಲಿ ಚೆನ್ನಾಜಮ್ಮ ಅಂತ ಒಬ್ಬಳು ಎಣ್ಣೆ ಅಂಗಡಿ ಇಟ್ಕೊಂಡಿದ್ಲಂತೆ. ಗಂಡ ಇರಲಿಲ್ಲ, ಮೂವರು ಗಂಡುಮಕ್ಕಳು ಗಾಡಿ ಕಟ್ಕೊಂಡು ಊರೂರಿಗೆ ವ್ಯಾಪಾರಕ್ಕೆ ಹೋದ್ರೆ ಮನೆ ಕಡೆ ಬರ್ತಿದ್ದದ್ದೇ ಅಪರೂಪ, ಹಾಗಾಗಿ ಅಂಗಡೀಲಿ ಅವಳು, ಒಳಗೆ ಮೂವರು ಸೊಸೆಯರು. ಹ್ಞೂಂ ಅನ್ನು ಪುಟ್ಟೀ, ಸುಮ್ಮನಿದ್ರೆ ನಾನು ಗೋಡೆಗೆ ಕತೆ ಹೇಳಿದ ಹಾಗಾಗುತ್ತೆ.

ಆ ಮನೆ ಹಿತ್ತಿಲಲ್ಲಿ ಮೂರು ಬೂರುಗದ ಮರ ಇದ್ವಂತೆ. ಬಾವಿ ಹತ್ರ ಒಂದು, ನಡುವೆ ಒಂದು, ಕೊಟ್ಟಿಗೆ ಹತ್ರ ಒಂದು. ಎಂಥಾ ಮರ ಅಂತೀಯ! ಗಾಡಿ ಹೊಡೆಯೋರು ದೂರದ ದಿಣ್ಣೆ ಹತ್ತಿದ ಕೂಡಲೇ, ಬೂರುಗ ಕಂಡ್ತು ಕಣೋ, ಸಾಲುಪೇಟೆ ಬಂದೇಬಿಡ್ತು ಅಂತ ಎತ್ತಿನ ಬೆನ್ನು ತಟ್ಟೋರಂತೆ. ಚೆನ್ನಾಜಮ್ಮನಿಗೆ ಅದನ್ನ ಕೇಳೋದೇ ಒಂದು ಹೆಮ್ಮೆ. ಯಾರಾದ್ರೂ ಹೊಸಬರು ಬಂದು ಎಣ್ಣೆ ಅಂಗಡಿ ಚೆನ್ನಾಜಮ್ಮನ ಮನೆ ಇದೇನಾ ಅಂತ ಕೇಳಿದ್ರೆ, ಎಣ್ಣೆ ಅಂಗಡಿ ಊರಲ್ಲಿ ಬೇಕಾದಷ್ಟಿವೆ, ಇದು ಬೂರುಗದ ಮನೆ ಅನ್ನೋಳಂತೆ. ನನ್ನ ಮರ, ನನ್ನ ಹಿತ್ತಿಲು, ನನ್ನ ನೆರಳು. ಅವಳ ಬಾಯಲ್ಲಿ ನಮ್ಮ ಅನ್ನೋ ಮಾತು ಬರ್ತಾನೇ ಇರಲಿಲ್ಲವಂತೆ.

ಆ ಮರಗಳನ್ನ ನೆಟ್ಟೋರು ಅವಳ ಅತ್ತೆ ದೊಡ್ಡತಾಯಮ್ಮ. ಸಸಿ ನೆಟ್ಟರು, ನೀರೆರೆದರು, ಮರ ಇನ್ನೂ ಫಲ ಬಿಡೋ ಮುಂಚೇನೇ ಮಂಚ ಹಿಡಿದುಬಿಟ್ರು. ಕೊನೇಲಿ ನಾಲಿಗೆ ಬಿದ್ದು ಹೋಗ್ತಾ ಇರೋವಾಗ ಸೊಸೇನ ಹತ್ರ ಕರೆದು, ಕಿಟಕಿಯಿಂದ ಹಿತ್ತಿಲು ತೋರಿಸಿ, ಚೆನ್ನೂ, ಬೂರುಗ ಕಾಯಿ ಅಂದ್ರಂತೆ. ಅಷ್ಟೇ. ಇನ್ನೂ ಏನೋ ಹೇಳೋಕೆ ಬಾಯಿ ತೆರೆದ್ರು, ಮಾತು ಹೊರಡಲಿಲ್ಲ.

ಬೂರುಗ ಕಾಯಿ ಅಂದ್ರೆ ಇನ್ನೇನು, ಬೂರುಗಾನ ಕಾವಲು ಕಾಯಿ ಅಂತ ಚೆನ್ನಾಜಮ್ಮ ಸೆರಗು ಬಿಗಿದು ನಿಂತುಬಿಟ್ಲಂತೆ. ಅವತ್ತಿನಿಂದ ಆ ಮರಗಳಿಗೆ ಒಂದು ಕಲ್ಲು ಬೀಳಲಿಲ್ಲ, ಒಂದು ಕೋಲು ತಾಗಲಿಲ್ಲ, ಬಟ್ಟೆ ಒಣಹಾಕೋಕೆ ಒಂದು ಹಗ್ಗ ಕಟ್ಟೋಕೂ ಬಿಡಲಿಲ್ಲ. ಯಾವುದೋ ಮಗೂನ ಗಾಳಿಪಟ ಕೊಂಬೇಲಿ ಸಿಕ್ಕಿಕೊಂಡ್ರೆ, ಅಲ್ಲೇ ಇರ್ಲಿ ಬಿಡು, ಮಳೆಗೆ ಹರಿದು ತಾನೇ ಬೀಳುತ್ತೆ ಅನ್ನೋಳು. ಮರ ಬೆಳೀತು, ಫಲ ಬಿಡ್ತು, ವರ್ಷದಿಂದ ವರ್ಷಕ್ಕೆ ಹೆಚ್ಚು ಬಿಡ್ತು.

ಆಮೇಲೆ ಶುರುವಾಯ್ತು ನೋಡು ಪೀಕಲಾಟ. ಫಾಲ್ಗುಣದ ಬಿಸಿಲಿಗೆ ಮರದ ಮೇಲಿರೋ ಫಲವೆಲ್ಲ ಪಟ್ ಪಟ್ ಅಂತ ಬಿರಿದು, ಒಳಗಿನ ಹತ್ತಿಯಂಥ ಅರಳೆ ಗಾಳಿಗೆ ಹಾರೋದು. ಹಾಲಿನ ಪಾತ್ರೇಲಿ ಅರಳೆ, ಕುಡಿಯೋ ನೀರಲ್ಲಿ ಅರಳೆ, ಮಲಗಿದ ಮಗೂನ ಮೂಗಲ್ಲಿ ಅರಳೆ. ಎಣ್ಣೆ ಗಡಿಗೆ ಮುಚ್ಚಳ ತೆಗೆಯೋ ಹಾಗಿಲ್ಲ, ತೆಗೆದ್ರೆ ಎಣ್ಣೆ ಮೇಲೆ ಬಿಳೀ ಗಡ್ಡ. ಕಸಬರಿಗೆ ತಗೊಂಡು ಗುಡಿಸಿದ್ರೆ ಅದು ಕಸಬರಿಗೆಗಿಂತ ಮುಂದೆ ಮುಂದೆ ಓಡುತ್ತೆ, ನಿಂತ್ರೆ ತಾನೂ ನಿಲ್ಲುತ್ತೆ, ಬೇಕಂತಲೇ ಆಟ ಆಡಿಸಿದ ಹಾಗೆ. ಸರಿ, ಇದೆಲ್ಲ ಅವಳ ಮನೆ ತಾಪತ್ರಯ. ಆದ್ರೆ ಹಿತ್ತಿಲ ಗೋಡೆ ಆಚೆಗೆ ಹಪ್ಪಳದ ಓಣಿ ಇತ್ತಲ್ಲ! ಆ ಓಣಿ ಹೆಂಗಸರ ಬದುಕೇ ಹಪ್ಪಳ. ಬಿಸಿಲು ಏರಿದಾಗಲೇ ಹಪ್ಪಳ ಒಣಗಬೇಕು, ಬಿಸಿಲು ಏರಿದಾಗಲೇ ಬೂರುಗ ಬಿರಿಯಬೇಕು. ಹಸೀ ಹಪ್ಪಳದ ಮೇಲೆ ಕೂತ ಅರಳೆ ಅಂಟಿಕೊಂಡ್ರೆ ಸಾಕು, ಕೆರೆದ್ರೂ ಹೋಗಲ್ಲ, ತೊಳೆಯೋಕೂ ಆಗಲ್ಲ.

ಆ ಓಣಿಗೆ ಹಿರಿಯಳು ತುಂಗಮ್ಮ. ಒಂದು ವರ್ಷ ಅವಳು ಒಂದು ದೊಡ್ಡ ಮನೆ ಮದುವೆಗೆ ಹಪ್ಪಳ ಒಪ್ಪಿಕೊಂಡಿದ್ಲಂತೆ. ಊಟದ ಪಂಕ್ತೀಲಿ ಗಂಡಿನ ಅಪ್ಪ ಹಪ್ಪಳ ಮುರಿದು ಬಾಯಿಗಿಟ್ಟೋನು ಥೂ ಅಂತ ಉಗಿದು, ಅದನ್ನ ಎತ್ತಿ ಹಿಡಿದು, ನಮ್ಮ ಹುಡುಗನಿಗೇ ಇನ್ನೂ ಸರಿಯಾಗಿ ಮೀಸೆ ಬಂದಿಲ್ಲ, ನಿಮ್ಮ ಹಪ್ಪಳಕ್ಕೆ ಬಂದುಬಿಟ್ಟಿದೆಯಲ್ಲರೀ ಅಂದನಂತೆ. ಪಂಕ್ತಿ ಪಂಕ್ತೀನೇ ನಕ್ಕಿತು. ಆ ನಗು ಊರಿಂದ ಊರಿಗೆ ಹೋಯ್ತು. ಮುಂದಿನ ಮದುವೆಯೋರು ಹಪ್ಪಳ ಬೇಡ ಅಂದ್ರು, ಅದರ ಮುಂದಿನೋರೂ ಬೇಡ ಅಂದ್ರು.

ಮಾರನೇ ವರ್ಷ ಫಾಲ್ಗುಣ ಹತ್ರ ಬರ್ತಾ ಇದ್ದ ಹಾಗೆ ತುಂಗಮ್ಮ ಇಡೀ ಓಣೀನ ಕಟ್ಕೊಂಡು ಪೇಟೆ ಯಜಮಾನ ಕೆಂಚಪ್ಪನ ಹತ್ರ ಹೋದ್ಲಂತೆ. ಕೆಂಚಪ್ಪ ಚೆನ್ನಾಜಮ್ಮನ್ನ ಕರೆಸಿ, ಅಮ್ಮಾ, ಮರ ಕಡಿಸಿ ಅಂದ.

ಚೆನ್ನಾಜಮ್ಮ ಸುಮ್ಮನಿರ್ತಾಳಾ? ನನ್ನ ಹಿತ್ತಿಲು, ನನ್ನ ಮರ, ನಿಮಗ್ಯಾಕೆ ಅಂದ್ಲಂತೆ.

ಮರ ನಿಮ್ಮದು ಸರಿ, ಗಾಳಿ ಯಾರದು ಅಂದನಂತೆ ಕೆಂಚಪ್ಪ.

ಕೆಂಚಪ್ಪ ನ್ಯಾಯಸ್ಥ, ಒಂದೇ ಕಡೆ ಮಾತಾಡೋನಲ್ಲ. ಈ ವರ್ಷ ಯುಗಾದಿವರೆಗೆ ನೋಡೋಣ, ಅರಳೆ ಗೋಡೆ ದಾಟದ ಹಾಗೆ ನೀವು ನೋಡ್ಕೊಂಡ್ರೆ ಮರ ಉಳೀತು, ಇಲ್ಲದಿದ್ರೆ ಕೊಡಲಿ ಅಂದ. ತುಂಗಮ್ಮ ಹೊರಡ್ತಾ ಹೊರಡ್ತಾ, ಅಮ್ಮೋರು ಅರಳೆಗೆ ಬುದ್ಧಿ ಹೇಳ್ತಾರೆ ಬಿಡ್ರೇ, ಮನೆ ಬಿಟ್ಟು ಹೋಗಬೇಡ ಮಗಾ ಅಂತ ಅಂದು ಕೊಂಕು ನುಡಿದ್ಲಂತೆ.

ಚೆನ್ನಾಜಮ್ಮ ಮನೆಗೆ ಬಂದು ಮೂವರು ಸೊಸೆಯರನ್ನೂ ಕೂರಿಸಿಕೊಂಡ್ಲು. ಹಿರಿಯಳು ರೇವಮ್ಮ, ನಡುವಿನೋಳು ಗಂಗಾಂಬೆ, ಕಿರಿಯಳು ನೀಲಮ್ಮ. ಆ ಮೂರು ಮರಾನೂ ಒಟ್ಟಿಗೆ ಬಿರೀತಿರಲಿಲ್ಲವಂತೆ, ಮೊದಲು ಬಾವಿ ಮರ, ಆಮೇಲೆ ನಡುವಿನ ಮರ, ಕೊನೇಗೆ ಕೊಟ್ಟಿಗೆ ಮರ. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಮರ ಅಂತ ಹಂಚಿಬಿಟ್ಲು. ನಿಮ್ಮಜ್ಜಿ, ಅಂದ್ರೆ ನಮ್ಮತ್ತೆ, ಬೂರುಗ ಕಾಯಿ ಅಂದು ಹೋಗಿದಾರೆ, ನನ್ನ ಕೈಲಾದ ಹಾಗೆ ನಾನು ಕಾದಿದೀನಿ, ಇನ್ನು ನಿಮ್ಮ ತಲೆ ಓಡಿಸಿ, ಆದ್ರೆ ಮರಕ್ಕೆ ಒಂದು ಏಟೂ ಬೀಳಕೂಡದು ಅಂದ್ಲಂತೆ.

ರೇವಮ್ಮನ ತವರಲ್ಲಿ ದೇವರು ದಿಂಡರು ಜಾಸ್ತಿ. ಅತ್ತೆ, ನಿಮಗೆ ಅರ್ಥವೇ ಆಗಿಲ್ಲ, ಕಾಯಿ ಅಂದ್ರೆ ತೆಂಗಿನಕಾಯಿ, ಬೂರುಗಕ್ಕೆ ಕಾಯಿ ಒಡೆಸು ಅಂತ ಅವರು ಹೇಳಿದ್ದು, ಇಷ್ಟು ವರ್ಷ ನೀವು ಒಡೆಸಿಲ್ಲ, ಅದಕ್ಕೇ ಮರ ಮುನಿಸಿಕೊಂಡಿದೆ ಅಂದ್ಲಂತೆ. ಬಾವಿ ಮರಕ್ಕೆ ಅರಿಶಿನ ಬಳಿದು, ಕುಂಕುಮ ಇಟ್ಟು, ದಿನಾ ಬೆಳಗ್ಗೆ ಒಂದು ಕಾಯಿ ಒಡೆಯೋಕೆ ಶುರುಮಾಡಿದ್ಲು. ಕಾಗೆಗಳಿಗೆ ಹಬ್ಬ, ಬೀದಿ ನಾಯಿಗಳಿಗೆ ಹಬ್ಬ. ಒಂದು ಮಧ್ಯಾಹ್ನ ಬಿಸಿಲು ಚುರುಕಾಯ್ತು ನೋಡು, ಬಾವಿ ಮರ ಪಟಪಟ ಅಂತ ಬಿರೀತು. ಅರಳೆ ಒದ್ದೆ ಅರಿಶಿನಕ್ಕೆ ಅಂಟ್ಕೊಂಡು ಮರಕ್ಕೆ ಹಳದಿ ಗಡ್ಡ, ಕೊಬ್ಬರಿ ತಿನ್ನೋಕೆ ಬಂದ ನಾಯಿಗೆ ಬಿಳೀ ಗಡ್ಡ, ಮಿಕ್ಕಿದ್ದು ನೆಟ್ಟಗೆ ಗೋಡೆ ಹಾರಿ ಓಣಿಗೆ. ಆ ನಾಯೀನೂ ಗಡ್ಡ ಬಿಟ್ಕೊಂಡು ಹಪ್ಪಳದ ಓಣೀಲೇ ಅಡ್ಡಾಡಿತಂತೆ. ಚೆನ್ನಾಜಮ್ಮನ ಮನೆ ಸ್ವಾಮಿಗಳು ಬಂದ್ರು, ಕಾಲಿಗೆ ಬೀಳ್ರೇ ಅಂತ ತುಂಗಮ್ಮ ಕೂಗಿದ್ದು ಅಂಗಡಿವರೆಗೂ ಕೇಳಿಸ್ತಂತೆ. ನಗ್ತಿದೀಯಾ? ನಗು ನಗು, ಚೆನ್ನಾಜಮ್ಮನಿಗೆ ಮಾತ್ರ ನಗು ಬರಲಿಲ್ಲ.

ಆಮೇಲೆ ಗಂಗಾಂಬೆ ಸರದಿ. ಅವಳು ಗಟ್ಟಿಗಿತ್ತಿ. ಪೂಜೆ ಪುನಸ್ಕಾರ ಎಲ್ಲ ಬೇಡ ಅತ್ತೆ, ಕಾಯಿ ಅಂದ್ರೆ ಕಾಯೋದೇ, ಆದ್ರೆ ಸುಮ್ಮನೆ ಕಣ್ಣಲ್ಲಿ ಕಾದ್ರೆ ಸಾಲದು ಅಂದ್ಲು. ಮನೇಲಿದ್ದ ಹಳೇ ಪಂಚೆ, ಹಳೇ ಸೀರೆ, ಹಾಸಿಗೆ ಹೊದಿಕೆ ಎಲ್ಲ ಒಂದಕ್ಕೊಂದು ಹೊಲಿದು, ಗಳು ನೆಟ್ಟು, ನಡುವಿನ ಮರದ ಸುತ್ತ ಗೋಡೆಗಿಂತ ಎತ್ತರಕ್ಕೆ ಪರದೆ ಕಟ್ಟಿಬಿಟ್ಲಂತೆ. ಮರಕ್ಕೊಂದು ಲಂಗ ಉಡಿಸಿದ ಹಾಗೆ. ಒಂದು ಕೈಲಿ ಪೊರಕೆ, ಒಂದು ಕೈಲಿ ನೀರಿನ ಚೊಂಬು ಹಿಡ್ಕೊಂಡು ತಾನೇ ಕಾವಲು ನಿಂತ್ಲು. ಮರ ಬಿರೀತು, ಅರಳೆ ಉದುರಿತು, ಪರದೆ ಒಳಗೇ ರಾಶಿ ಬಿತ್ತು. ಗೆದ್ದೆ ಅಂತ ಗಂಗಾಂಬೆ ಕುಣಿದಾಡ್ತಿರೋವಾಗಲೇ ಎಲ್ಲಿತ್ತೋ ಒಂದು ಸುಂಟರಗಾಳಿ, ಪರದೇನ ಬುಡದಿಂದ ಎತ್ತಿ, ಇಡೀ ರಾಶೀನ ಒಂದೇ ಸಲಕ್ಕೆ ಗೋಡೆ ಆಚೆಗೆ ಸುರಿದುಬಿಡ್ತು. ಬಿಟ್ಟಿದ್ರೆ ಅಷ್ಟಷ್ಟೇ ಹೋಗ್ತಿತ್ತು, ಕೂಡಿಟ್ಟು ಕಳಿಸಿದ ಹಾಗಾಯ್ತು.

ಸ್ವಲ್ಪ ಹೊತ್ತಿಗೆ ತುಂಗಮ್ಮ ಅಂಗಡಿ ಮುಂದೆ ಬಂದು ನಿಂತ್ಲು. ಈ ಸಲ ಕೊಂಕೂ ಇಲ್ಲ, ಕೂಗಾಟಾನೂ ಇಲ್ಲ. ಅಂಗೈ ಮೇಲೊಂದು ಹಪ್ಪಳ ಇಟ್ಕೊಂಡು ಬಂದಿದ್ಲು, ಕುರಿಮರಿ ಬೆನ್ನಿನ ಹಾಗೆ ಮೆತ್ತಗಿತ್ತು ಅದು. ಅದನ್ನ ಗಲ್ಲಾಪೆಟ್ಟಿಗೆ ಮೇಲಿಟ್ಟು, ಇನ್ನು ನನ್ನ ಕೈಲಾಗಲ್ಲ ಕಣಮ್ಮ, ಕೆಂಚಪ್ಪನೋರಿಗೆ ಹೇಳಿ ಬಂದಿದೀನಿ, ನಾಳೆ ಬೆಳಗ್ಗೆ ಕೊಡಲಿಯೋರು ಬರ್ತಾರೆ ಅಂದು ಹೊರಟುಹೋದ್ಲಂತೆ.

ಚೆನ್ನಾಜಮ್ಮ ಒಳಗೆ ಹೋಗಿ ನೀಲಮ್ಮನ್ನ ಕೇಳಿದ್ಲು, ಎಲ್ಲರೂ ಏನಾದ್ರೂ ಮಾಡಿದ್ರು, ನೀನೇನೇ ಮಾಡ್ತಿದೀಯ, ನಿನ್ನ ಮರ ಒಂದೇ ಉಳಿದಿರೋದು ಅಂತ. ನೀಲಮ್ಮ ಕೊಟ್ಟಿಗೆ ಕಟ್ಟೆ ಮೇಲೆ ಕೂತಿದ್ಲು. ಬಾವಲಿ ಬೀಳಿಸಿದ್ದೋ ಗಾಳಿಗೆ ಬಿದ್ದಿದ್ದೋ, ದಿನಾ ಒಂದೊಂದು ಫಲ ಸಿಗ್ತಿತ್ತಲ್ಲ ಮರದ ಕೆಳಗೆ, ಅದನ್ನ ಆರಿಸಿಕೊಂಡು ಕುಡುಗೋಲಿಂದ ಸೀಳಿ ಒಳಗೆ ನೋಡೋದು, ಸಾಲಾಗಿ ಇಡೋದು, ಇದೇ ಅವಳ ಕೆಲಸ. ನೋಡ್ತಿದೀನಿ ಅತ್ತೆ, ಇನ್ನೂ ಪೂರ್ತಿ ಗೊತ್ತಾಗಿಲ್ಲ, ಸ್ವಲ್ಪ ಕಾಯಿರಿ ಅಂದ್ಲಂತೆ.

ಇನ್ನೊಂದು ಕಾಯಿ ನನ್ನ ಹತ್ರ ಆಡಬೇಡ ಅಂತ ಚೆನ್ನಾಜಮ್ಮ ಸಿಡುಕಿ ಅಂಗಡಿಗೆ ವಾಪಸ್ ಬಂದ್ಲು.

ಅಷ್ಟು ಹೊತ್ತಿಗೆ ಮಾವು ಮಾರೋಳು ಬುಟ್ಟಿ ಇಳಿಸಿದ್ಲು. ಉಪ್ಪಿನಕಾಯಿಗೆ ಅಂತ ಚೆನ್ನಾಜಮ್ಮ ಹೇಳಿಟ್ಟಿದ್ಲು. ಮರ ಹೋದ್ರೂ ವ್ಯಾಪಾರ ನಿಲ್ಲಿಸೋ ಹೆಂಗಸಲ್ಲ ಅವಳು, ಕಣ್ಣಲ್ಲಿ ನೀರಿದ್ರೂ ಕೈ ತಾನಾಗೇ ಬುಟ್ಟಿಗೆ ಹೋಯ್ತು. ಒಂದು ಒತ್ತಿ ನೋಡಿದ್ಲು, ಮೆತ್ತಗೆ. ಇನ್ನೊಂದು ಮೂಸಿ ನೋಡಿದ್ಲು, ಆಗಲೇ ಘಮ ಅಂತಿದೆ. ರೇಗಿಹೋಯ್ತು. ಅಲ್ವೇ, ಉಪ್ಪಿನಕಾಯಿಗೆ ಕಾಯಿ ತಾ ಅಂದ್ರೆ ಹಣ್ಣು ತಂದು ಸುರಿದಿದೀಯಲ್ಲ, ಇದನ್ನ ನಾನು ಉಪ್ಪಿನಹಣ್ಣು ಅಂತ ಜಾಡಿಗೆ ಹಾಕ್ಲಾ ಅಂದ್ಲು.

ಮಾವಿನೋಳು, ತಪ್ಪಾಯ್ತು ತಾಯಿ, ನಾಳೆ ಕಿತ್ರಾಯ್ತು ನಾಳೆ ಕಿತ್ರಾಯ್ತು ಅಂತ ಕಾಯ್ತಾ ಕೂತೆ, ಮರ ನಮಗೆ ಕಾಯುತ್ತಾ ಅಂದ್ಲಂತೆ.

ಚೆನ್ನಾಜಮ್ಮ ಬೈಯೋಕೆ ತೆಗೆದ ಬಾಯಿ ತೆಗೆದ ಹಾಗೇ ಇತ್ತಂತೆ. ಕಾಯಿ ತಾ ಅಂದ್ರೆ ಹಣ್ಣು. ತಾನೇ ಆಡಿದ ಮಾತು ತನ್ನ ಕಿವೀಲೇ ಮತ್ತೆ ಮತ್ತೆ ಕೇಳಿಸ್ತು. ಬೂರುಗ ಕಾಯಿ. ಕಾಯೋದಲ್ಲ, ತೆಂಗಿನಕಾಯಿ ಅಲ್ಲ, ಬೂರುಗದ ಕಾಯಿ! ಕಾಯಿ ಇರೋವಾಗಲೇ ಇಳಿಸು, ಬಿರಿಯೋಕೆ ಬಿಡಬೇಡ. ಅತ್ತೆ ಹೇಳೋಕೆ ಹೊರಟದ್ದು ಇಷ್ಟೇ! ಅದಕ್ಕೆ ತಾನು ಇಷ್ಟು ವರ್ಷ ಒಂದು ಕೋಲು ತಾಗದ ಹಾಗೆ ನೋಡ್ಕೊಂಡು, ಊರಿಗೆಲ್ಲ ಮೀಸೆ ಹಚ್ಚಿಸಿದ್ದಾಯ್ತಲ್ಲ! ಬುಟ್ಟಿ, ಮಾವು, ಅಂಗಡಿ ಎಲ್ಲ ಬಿಟ್ಟು ಹಿತ್ತಿಲಿಗೆ ಓಡಿದ್ಲಂತೆ. ಮಾವಿನೋಳು, ಅಮ್ಮಾ ಹಣ್ಣು ಏನ್ ಮಾಡ್ಲಿ ಅಂತ ಕೂಗಿದ್ರೆ, ತಿನ್ನು ಅಂದ್ಲಂತೆ.

ನೀಲೂ, ಕಾಯಿ ಕಿತ್ರೆ ಹೇಗೇ ಅಂದ್ಲು ಏದುಸಿರು ಬಿಡ್ತಾ.

ನೀಲಮ್ಮನ ಮುಖ ಅರಳಿತು. ಅದನ್ನೇ ನೋಡ್ತಿದ್ದೆ ಅತ್ತೆ, ನೀವು ಏಟು ಬೀಳಕೂಡದು ಅಂದಿದ್ರಿ, ಅದಕ್ಕೇ ಬಾಯಿ ಬಿಡಲಿಲ್ಲ. ಇಲ್ಲಿ ನೋಡಿ, ಹಸಿರಾಗಿರೋದನ್ನ ಸೀಳಿದ್ರೆ ಅರಳೆ ಒದ್ದೆ, ಮುದ್ದೆ ಮುದ್ದೆ, ಯಾವ ಕೆಲಸಕ್ಕೂ ಬರಲ್ಲ. ಇದು ನಿನ್ನೆದು, ಸಿಪ್ಪೆ ಕಂದು ತಿರುಗಿದೆ, ಬಾಯಿ ಇನ್ನೂ ಬಿಟ್ಟಿಲ್ಲ, ಒಳಗೆ ರೇಷ್ಮೆ ಹಾಗಿದೆ. ಕೀಳೋದಾದ್ರೆ ಈಗಲೇ, ಇನ್ನೆರಡು ಬಿಸಿಲು ಬಿದ್ರೆ ಬಿರಿಯುತ್ತೆ ಅಂದ್ಲಂತೆ.

ಆಮೇಲೆ ಬೆಳಗಾಯ್ತು. ಕೊಡಲಿ ಹೆಗಲಿಗೆ ಹಾಕ್ಕೊಂಡು ಇಬ್ಬರು ಬಂದ್ರು, ಹಿಂದೆ ಕೆಂಚಪ್ಪ, ಹಿಂದೆ ತುಂಗಮ್ಮ, ಅವಳ ಹಿಂದೆ ಇಡೀ ಓಣಿ. ಬಂದು ನೋಡಿದ್ರೆ ಚೆನ್ನಾಜಮ್ಮ ಸೀರೆ ಎತ್ತಿ ಕಟ್ಟಿ, ಮನೆಗಿಂತ ಉದ್ದದ ದೋಟಿ ಹಿಡ್ಕೊಂಡು ಕೊಟ್ಟಿಗೆ ಮರದ ಕೆಳಗೆ ನಿಂತಿದಾಳೆ. ದೋಟಿ ಗೊತ್ತಲ್ಲ, ಕೊನೇಲಿ ಕೊಕ್ಕೆ ಕಟ್ಟಿರೋ ಗಳು, ನಮ್ಮ ನುಗ್ಗೆ ಮರಕ್ಕೆ ಹಾಕ್ತೀವಲ್ಲ, ಅದೇ. ಯಜಮಾನರೇ, ನೀವು ಯುಗಾದಿವರೆಗೆ ಅಂದಿದ್ರಿ, ಯುಗಾದಿ ಇನ್ನೂ ಬಂದಿಲ್ಲ, ಈ ಮರ ಇನ್ನೂ ಬಾಯಿ ಬಿಟ್ಟಿಲ್ಲ, ಬಾಯಿ ಬಿಡದೆ ಇರೋರಿಗೆ ಶಿಕ್ಷೆ ಕೊಡೋದು ಯಾವ ನ್ಯಾಯ ಅಂದ್ಲಂತೆ.

ಕೆಂಚಪ್ಪನಿಗೆ ಒಳಗೊಳಗೇ ನಗು. ಸರಿ, ಯುಗಾದಿ ಹಿಂದಿನ ದಿನ ನಾನೇ ಬಂದು ನೋಡ್ತೀನಿ ಅಂದ.

ತುಂಗಮ್ಮ ಬಿಡಲಿಲ್ಲ. ನೋಡೋದು ಅಂದ್ರೆ ಹೀಗಲ್ಲ, ಅವತ್ತು ಈ ಮರದ ಬುಡದಲ್ಲೇ ಕರೀ ಕಂಬಳಿ ಹಾಸ್ತೀನಿ, ಅದರ ಮೇಲೆ ನನ್ನ ಹಸೀ ಹಪ್ಪಳ ಹಾಕ್ತೀನಿ, ಸಂಜೇಲಿ ಒಂದೇ ಒಂದು ಬಿಳೀ ಎಳೆ ಕಂಡ್ರೂ ಮೂರು ಮರಾನೂ ನೆಲಕ್ಕೆ ಅಂದ್ಲು.

ಹಾಸೇ, ನಾನೇ ಕಂಬಳಿ ಕೊಡ್ತೀನಿ ಅಂದ್ಲಂತೆ ಚೆನ್ನಾಜಮ್ಮ.

ಎದೆ ತಟ್ಟಿ ಹೇಳಿದ್ದೇನೋ ಹೌದು, ಆದ್ರೆ ಕೊಂಬೆಗೆ ಕೊಕ್ಕೆ ಹಾಕೋಕೆ ಅಂತ ಎತ್ತಿದ ದೋಟೀನ ಎರಡು ಸಲ ಕೆಳಗಿಳಿಸಿದ್ಲಂತೆ. ಇಷ್ಟು ವರ್ಷ ಯಾರನ್ನೂ ಮುಟ್ಟೋಕೆ ಬಿಡದ ಮರ. ರೇವಮ್ಮ, ನಾವು ಕೀಳ್ತೀವಿ ಬಿಡಿ ಅತ್ತೆ ಅಂದ್ರೆ, ಮೊದಲನೇದು ನನ್ನ ಕೈಯಿಂದಲೇ ಅಂದು, ಹಲ್ಲು ಕಚ್ಚಿ ಎಳೆದ್ಲು. ಕಾಯಿ ಧೊಪ್ ಅಂತ ಗೋಣಿ ಮೇಲೆ ಬಿತ್ತು. ಮರಕ್ಕೇನೂ ಆಗಲಿಲ್ಲ. ಕೊಂಬೆ ಒಂದು ಸಲ ತೂಗಿ ಸುಮ್ಮನಾಯ್ತು. ಆಮೇಲೆ ಕೊಡಲಿಯೋರ ಕಡೆ ತಿರುಗಿ, ಬಂದಿದ್ದು ಬಂದಿದೀರಿ, ಇವತ್ತಿನ ಕೂಲಿ ಯಾಕೆ ಹಾಳುಮಾಡ್ಕೋತೀರಿ, ಕೊಡಲಿ ಕೆಳಗಿಟ್ಟು ಮರ ಹತ್ತಿ, ತುದೀಲಿರೋವೆಲ್ಲ ಇಳಿಸಿ ಅಂದ್ಲಂತೆ. ಕಡಿಯೋಕೆ ಬಂದೋರೇ ಕಾಯಿ ಕಿತ್ತರು ನೋಡು!

ನೀಲಮ್ಮ ಹೇಳಿದ ಹಾಗೆ ಕಾಯಿಗಳನ್ನ ಗೋಣಿಗೆ ತುಂಬಿ ಬಾಯಿ ಕಟ್ಟಿ ಬಿಸಿಲಿಗಿಟ್ರು, ಒಳಗೇ ಬಿರಿದ್ರೂ ಹಾರೋ ಹಾಗಿಲ್ಲ. ಆಮೇಲೆ ಉಗ್ರಾಣಕ್ಕೆ ಒಯ್ದು, ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಮೂಗು ಬಾಯಿ ಕಟ್ಕೊಂಡು ಮೂವರೂ ಬಿಡಿಸೋಕೆ ಕೂತ್ರು. ರೇವಮ್ಮ ಸೀಳೋದು, ಗಂಗಾಂಬೆ ಮಂಕರೀಲಿ ಹಾಕಿ ಬೆತ್ತದಲ್ಲಿ ಬಡಿದು ಬೀಜ ಉದುರಿಸೋದು, ನೀಲಮ್ಮ ಅರಳೇನ ಚೀಲಕ್ಕೆ ತುಂಬೋದು. ಬೀಜ ಗಾಣಕ್ಕೆ, ಸಿಪ್ಪೆ ಒಲೆಗೆ, ಚೆನ್ನಾಜಮ್ಮನ ಮನೇಲಿ ಏನೂ ವ್ಯರ್ಥ ಆಗೋ ಹಾಗಿಲ್ಲ. ಹೊರಗೆ ಬಂದಾಗ ಮೂವರ ತಲೆ, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಚೆನ್ನಾಜಮ್ಮ ನೋಡಿ, ಇದೇನ್ರೇ, ನಂಗೇ ಮೂವರು ಅತ್ತೆಯರು ಬಂದುಬಿಟ್ರಲ್ಲ ಅಂದ್ಲಂತೆ.

ಯುಗಾದಿ ಹಿಂದಿನ ದಿನ ಬಂತು. ಮರದ ಬುಡದಲ್ಲಿ ಕರೀ ಕಂಬಳಿ, ಕಂಬಳಿ ಮೇಲೆ ಹಸೀ ಹಪ್ಪಳ. ಪಕ್ಕದಲ್ಲೇ ಮಣೆ ಹಾಕ್ಕೊಂಡು ಚೆನ್ನಾಜಮ್ಮ ಒಂದು ಕಡೆ, ತುಂಗಮ್ಮ ಒಂದು ಕಡೆ, ಗೋಡೆ ಹತ್ರ ಕೊಡಲಿಯೋರು, ಓಣಿ ಹೆಂಗಸರು. ಗಾಳಿ ಏನು ಸಾಮಾನ್ಯವಾಗಿ ಬೀಸಿತಾ, ಬಾಗಿಲು ದಡ್ ದಡ್ ಅಂತ ಬಡ್ಕೋತಿತ್ತು, ಸೆರಗು ತಲೆ ಮೇಲೆ ನಿಲ್ಲೋ ಹಾಗಿರಲಿಲ್ಲ. ಒಂದೊಂದು ಗಾಳಿಗೂ ಚೆನ್ನಾಜಮ್ಮ ಮೇಲೆ ನೋಡೋಳು, ತುಂಗಮ್ಮ ಕೆಳಗೆ ನೋಡೋಳು. ಬಿಸಿಲು ಇಳೀತು. ಕೆಂಚಪ್ಪ ಬಂದು ಮಂಡಿ ಊರಿ ಒಂದೊಂದೇ ಹಪ್ಪಳ ಎತ್ತಿ ನೋಡ್ತಾ ಹೋದ. ಶುದ್ಧ. ಶುದ್ಧ. ಇದೂ ಶುದ್ಧ. ಕೊನೆ ಸಾಲಿಗೆ ಬಂದಾಗ ತುಂಗಮ್ಮ, ಅಗೋ ಅಂತ ಕಿರುಚಿದ್ಲು.

ಒಂದು ಹಪ್ಪಳದ ಮೇಲೆ ಒಂದು ಬಿಳೀ ಎಳೆ.

ಸೊಸೆಯರು ಮೂವರೂ ಬಾಯಿ ಮೇಲೆ ಕೈ ಇಟ್ಕೊಂಡ್ರು. ಕೊಡಲಿಯೋರು ಎದ್ದು ನಿಂತ್ರು. ಚೆನ್ನಾಜಮ್ಮ ಎಷ್ಟಾದ್ರೂ ವ್ಯಾಪಾರದೋಳು, ಸರಕು ಕೈಗೆ ತಗೊಳ್ಳದೆ ಒಪ್ಪೋಳಲ್ಲ. ಬಗ್ಗಿ, ಆ ಎಳೇನ ಎರಡು ಬೆರಳಲ್ಲಿ ಮೆಲ್ಲಗೆ ಬಿಡಿಸಿ, ಬೆಳಕಿಗೆ ಹಿಡಿದು, ಎಳೆದು ನೋಡಿದ್ಲು. ಬೂರುಗ ಆಗಿದ್ರೆ ಎಳೆಯೋ ಮುಂಚೇನೇ ಪುಡಿ ಆಗ್ತಿತ್ತು. ಇದು ಹರೀಲಿಲ್ಲ, ಉದ್ದಕ್ಕೆ ಬಂತು, ಇನ್ನೂ ಬಂತು, ಮೊಳ ಉದ್ದ ಬಂತು. ಅದನ್ನ ತುಂಗಮ್ಮನ ಮೂಗಿನ ಮುಂದೆ ಹಿಡಿದು, ತುಂಗೀ, ಇಷ್ಟುದ್ದದ ಅರಳೆ ಬಿಡೋ ಬೂರುಗ ಎಲ್ಲಾದ್ರೂ ಕಂಡಿದೀಯೇನೇ, ಇದು ನಂದೋ ನಿಂದೋ ನೀನೇ ಹೇಳು ಅಂದ್ಲಂತೆ.

ತುಂಗಮ್ಮನ ಕೈ ಮೆಲ್ಲಗೆ ತನ್ನ ನರೆತ ತುರುಬಿಗೆ ಹೋಯ್ತು. ಮೊದಲು ನಕ್ಕಿದ್ದು ಕೆಂಚಪ್ಪ, ಆಮೇಲೆ ಓಣಿ, ಕೊನೇಗೆ ತುಂಗಮ್ಮ, ಕಣ್ಣಲ್ಲಿ ನೀರು ಬರೋ ಹಾಗೆ.

ನಗು ನಿಂತ ಮೇಲೆ ತುಂಗಮ್ಮ ಕೇಳಿದ್ಲಂತೆ, ಅಲ್ಲ ಕಣಮ್ಮ, ಇಷ್ಟು ಸುಲಭ ಇತ್ತು ಅಂದ್ರೆ ಇಷ್ಟು ವರ್ಷ ಯಾಕೆ ಕೀಳಿಸಲಿಲ್ಲ?

ಚೆನ್ನಾಜಮ್ಮ ಕಂಬಳಿ ಕೊಡವಿ ಮಡಿಸ್ತಾ, ಬಲೀಲಿ ಅಂತ ಕಾದೆ ಅಂದ್ಲಂತೆ. ಸೊಸೆಯರು ಬಾಗಿಲ ಹಿಂದೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರಂತೆ.

ಆಮೇಲೆ ವರ್ಷ ವರ್ಷಾನೂ ಮೂರು ಮರದ ಕಾಯೀನೂ ಬಲಿತ ಕೂಡಲೇ ಇಳೀತಿತ್ತು. ಎಣ್ಣೆ ಅಂಗಡಿ ಪಕ್ಕ ಹಾಸಿಗೆ ದಿಂಬಿನ ಅಂಗಡಿ ಬಂತು, ಅದಕ್ಕೆ ನೀಲಮ್ಮನೇ ಯಜಮಾನಿ. ಹಪ್ಪಳದ ಓಣಿಗೆ ಮದುವೆ ಮನೆಯೋರು ತಾವಾಗೇ ಹುಡುಕ್ಕೊಂಡು ಬಂದ್ರು, ಎಲೆ ಅಡಿಕೆ ತಟ್ಟೆ ಇಟ್ಟು ಮುಂಗಡ ಕೊಟ್ಟು ಹೋದ್ರು. ತುಂಗಮ್ಮನ ಓಣಿ ಹೆಂಗಸರೇ ಉಗ್ರಾಣಕ್ಕೆ ಬಂದು ಅರಳೆ ಬಿಡಿಸೋರಂತೆ.

ಒಂದಿನ ಏನಾಯ್ತು ಅಂದ್ರೆ, ಯಾವುದೋ ಊರಿನ ಗಾಡಿಯೋನು ಓಣೀಲಿ ಎತ್ತು ಬಿಚ್ಚಿ, ಬೇಜಾರು ಕಳೆಯೋಕೆ ಅಂತ ಗೋಡೆ ಆಚೆಯಿಂದ ಬೂರುಗಕ್ಕೆ ಒಂದು ಕಲ್ಲು ಬೀಸಿದನಂತೆ. ತುಂಗಮ್ಮ ಹಿಟ್ಟಿನ ಕೈಲೇ ಎದ್ದು ಬಂದು, ಯಾವನೋ ಅದು, ನಮ್ಮ ಮರಕ್ಕೆ ಕಲ್ಲು ಹೊಡೆಯೋನು, ನಿಮ್ಮೂರಲ್ಲಿ ಇಂಥದೊಂದು ಮರ ಇದ್ದಿದ್ರೆ ಗೊತ್ತಾಗ್ತಿತ್ತು ನಿನಗೆ ಅಂತ ಅವನ ಏಳು ತಲೆಮಾರು ಜಾಲಾಡಿಬಿಟ್ಲಂತೆ.

ಗೋಡೆ ಈಚೆ ಚೆನ್ನಾಜಮ್ಮ ಬಾವಿ ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕ್ಕೋತಿದ್ಲು. ನಮ್ಮ ಮರ ಅಂದಿದ್ದು ಸ್ಪಷ್ಟವಾಗಿ ಕೇಳಿಸ್ತು. ಗಂಗಾಂಬೆ, ಅತ್ತೆ, ಕೇಳಿಸ್ತಾ, ತುಂಗಮ್ಮ ನಮ್ಮ ಮರ ಅಂತಾಳೆ ಅಂದ್ರೆ, ಚೆನ್ನಾಜಮ್ಮ ಸುಣ್ಣ ಹಚ್ಚೋದನ್ನ ನಿಲ್ಲಿಸಲೂ ಇಲ್ಲ. ಸರಿಯಾಗೇ ಹೇಳಿದಾಳಲ್ಲ, ಇನ್ಯಾರದು ಅಂದ್ಲಂತೆ.

ಅಲ್ಲಿಗೆ ಕತೆ ಮುಗೀತು, ಸಾಲುಪೇಟೆಯೋರೆಲ್ಲ ಉಂಡು ಮಲಗಿದ್ರು. ನೀನೂ ಮಲಗು, ಕಾಲು ಒಳಗಿಟ್ಕೋ.